ತಂಪಪ್ಪನ ಮನೆ

"ಮುಚ್ಚಿ, ಮುಚ್ಚಿ! ಆ ಕಿಟಕಿ ತೆಗೆದವರು ಯಾರು?"

ಹೆಂಡತಿಯ ಹೆಣದ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಿದ್ದ ತಂಪಪ್ಪನವರು ಬೆಳಗಿನಿಂದ ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಪಡುವಣ ಕಿಟಕಿಯ ಚಿಲಕಕ್ಕೆ ಕೈ ಹಾಕಿದ್ದ ಅವರ ತಮ್ಮ ಬೆಚ್ಚಿ ಹಿಂದೆ ಸರಿದ.

"ಉಸಿರು ಕಟ್ಟತ್ತೆ ಅಣ್ಣ. ಜನ ತುಂಬಿದ್ದಾರೆ."

"ತುಂಬಿದ್ದಾರೆ ಅಂತಲೇ ಹೇಳ್ತಿರೋದು. ಒಬ್ಬೊಬ್ಬ ಮನುಷ್ಯ ಅಂದ್ರೆ ಒಂದೊಂದು ನೂರು ವ್ಯಾಟಿನ ಬಲ್ಬು. ಈಗಲೇ ಮೂವತ್ತು ಬಲ್ಬು ಉರೀತಾ ಇವೆ. ಸಾಲದು ಅಂತ ಹೊರಗಿನ ಬಿಸೀನೂ ಕರೀಬೇಕಾ?"

ಮೂವತ್ತು ಬಲ್ಬುಗಳು ಮುಖ ಮುಖ ನೋಡಿಕೊಂಡು ಸ್ವಲ್ಪ ಕಡಿಮೆ ಉರಿಯಲು ಪ್ರಯತ್ನಿಸಿದವು.

ತಂಪಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕಟ್ಟಡಗಳ ನಕ್ಷೆ ಬರೆದು ನಿವೃತ್ತರಾದ ಅವರಿಗೆ ಬೀದಿಯವರು ಕೊಟ್ಟ ಬಿರುದು. ಸಾಲುಮನೆಗಳಿಗೆಲ್ಲ ಒಂದೊಂದಾಗಿ ಎಸಿ ಬಂದು, ಗೋಡೆಗೆ ಜೋತುಬಿದ್ದ ಡಬ್ಬಗಳು ಬೀದಿಯ ಮೇಲೆ ಬಿಸಿಗಾಳಿ ಊದತೊಡಗಿದ ಮೇಲೂ ಅವರು ತಮ್ಮ ಮನೆಗೆ ಅದನ್ನು ಬಿಟ್ಟುಕೊಂಡಿರಲಿಲ್ಲ. ಆದರೂ ಆ ಮನೆ ಹೂಜಿಯ ಒಡಲಿನ ಹಾಗೆ ತಣ್ಣಗಿರುತ್ತಿತ್ತು. ಅದನ್ನು ನೋಡಲೆಂದೇ ಜನ ಬರುತ್ತಿದ್ದರು. ಬಂದವರಿಗೆ ಅವರು ಗೋಡೆಯ ದಪ್ಪ, ಗಾಳಿಯ ದಿಕ್ಕು, ಸುಣ್ಣ ಬಳಿದ ತಾರಸಿ ಇವುಗಳ ಮೇಲೆ ಭಾಷಣ ಕೊಡುತ್ತಿದ್ದರು. ಹೆಂಡತಿ ನೀರು ಕೊಡುತ್ತಿದ್ದಳು. ಬೀದಿಯವರು ಆಕೆಗೆ ಯಾವ ಬಿರುದನ್ನೂ ಕೊಟ್ಟಿರಲಿಲ್ಲ.

"ಇವತ್ತು ಯಾಕೋ ನಿಮ್ಮನೇಲೂ ಸೆಕೆ ಕಣಮ್ಮ," ಎಂದಳು ಪಕ್ಕದ ಮನೆಯಾಕೆ, ಮಡಿಸಿದ ಪತ್ರಿಕೆಯಲ್ಲಿ ಗಾಳಿ ಹಾಕಿಕೊಳ್ಳುತ್ತ. "ಇಷ್ಟು ವರ್ಷದಲ್ಲಿ ಇದೇ ಮೊದಲು ನೋಡು."

ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಮಗಳು ಅಂದಳು, "ಇವತ್ತು ಕೆಲಸದವರು ರಜಾ."

"ಕೆಲಸದವರು ಇದ್ರಾ? ನಾನು ನೋಡೇ ಇಲ್ವಲ್ಲ."

"ನೀವೊಬ್ಬರೇ ಅಲ್ಲ ಬಿಡಿ, ಯಾರೂ ನೋಡಿಲ್ಲ." ಅವಳ ಗದ್ದ ನೆಲದ ಮೇಲೆ ಮಲಗಿದ್ದ ತಾಯಿಯ ಕಡೆ ತಿರುಗಿತು.

ಪಕ್ಕದ ಮನೆಯಾಕೆ ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದಳು.

ಬೆಳಕು ಹರಿಯುವ ಮೊದಲೇ ಎದ್ದು ಕಿಟಕಿಗಳನ್ನೆಲ್ಲ ತೆಗೆಯುವುದು, ಬಿಸಿಲು ಏರುವುದರೊಳಗೆ ಅಡುಗೆ ಮುಗಿಸಿ ಒಲೆ ಆರಿಸುವುದು, ಕಿಟಕಿ ಮುಚ್ಚಿ ದಪ್ಪ ಬಟ್ಟೆಯ ಪರದೆಗಳನ್ನು ಒದ್ದೆ ಮಾಡಿ ಇಳಿಬಿಡುವುದು, ಅವು ಒಣಗಿದಂತೆಲ್ಲ ಮತ್ತೆ ಒದ್ದೆ ಮಾಡುವುದು. ಇಷ್ಟು ಕೆಳಗಿನ ಕೆಲಸ. ಮೇಲಿನ ಕೆಲಸ ಬೇರೆ. ಮಧ್ಯಾಹ್ನದ ಬಿಸಿಲಿಗೆ ಸುಣ್ಣ ಸೋಲುತ್ತಿತ್ತು. ಆಗ ನಡುಮನೆಯ ನೆತ್ತಿಯ ಮೇಲೆ ಗೋಣಿಚೀಲ ಹಾಸಿ, ಬಕೆಟ್ಟಿನಲ್ಲಿ ನೀರು ಹೊತ್ತು ಸುರಿಯಬೇಕು. ಭಾಷಣದಲ್ಲಿ ಸುಣ್ಣ ಬರುತ್ತಿತ್ತು, ಗೋಣಿ ಬರುತ್ತಿರಲಿಲ್ಲ. ನೋಡಲು ಬಂದವರಲ್ಲಿ ಆ ಹೊತ್ತಿನಲ್ಲಿ ತಾರಸಿ ಹತ್ತುವಷ್ಟು ಶ್ರದ್ಧೆ ಇರುವವರು ಯಾರೂ ಇರಲಿಲ್ಲ.

*

ನಿನ್ನೆ ಮಧ್ಯಾಹ್ನ ಮಗಳು ತಾನು ಕೆಲಸ ಮಾಡುವ ಔಷಧಿ ಅಂಗಡಿಯಿಂದ ಎಂದಿನಂತೆ ತಾಯಿಗೆ ಫೋನ್ ಮಾಡಿದ್ದಳು.

"ಊಟ ಆಯ್ತೇನೇ?"

"ಆಯ್ತು. ನಿಂದು?"

"ಆಗತ್ತೆ ಬಿಡು. ಮನೆ ನೋಡೋಕೆ ಬರ್ತಿರ್ತಾನಲ್ಲ ಆ ಎಂಜಿನಿಯರ್ ಹುಡುಗ, ಇವತ್ತು ಆಫೀಸಿನವರನ್ನೆಲ್ಲ ಕಟ್ಕೊಂಡು ಬಂದಿದ್ದಾನೆ. ನಿಮ್ಮಪ್ಪ ಶುರು ಹಚ್ಕೊಂಡಿದ್ದಾರೆ."

ಹಿಂದಿನಿಂದ ತಂದೆಯ ದನಿ ಕೇಳಿಸಿತು. "ಏನೇ, ಸೂರು ಸ್ವಲ್ಪ ಬೆಚ್ಚಗಾದ ಹಾಗಿದೆ. ಮೇಲೆ ನೋಡ್ತೀಯಾ?"

ತಾಯಿ ದನಿ ತಗ್ಗಿಸಿ ನಕ್ಕಳು. "ಗೋಣಿ ಒಣಗಿರಬೇಕು. ಬಂದವರ ಮುಂದೆ ಸೂರಿನ ಮಾನ ಹೋಗಬಾರದಲ್ಲ? ನೀರು ಹಾಕಿ ಬಂದೆ, ಫೋನ್ ಇಟ್ಬಿಡಬೇಡ."

ಮಗಳು ಇಡಲಿಲ್ಲ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಒಬ್ಬರಿಗೆ ಜ್ವರದ ಮಾತ್ರೆ ಕೊಟ್ಟಳು, ಇನ್ನೊಬ್ಬರಿಗೆ ಕೆಮ್ಮಿನ ಔಷಧಿ. ಕಪಾಟಿನ ಮೇಲೆ ತಾಯಿ ಇಟ್ಟು ಹೋದ ಫೋನು ಭಾಷಣವನ್ನು ಚೂರೂ ಬಿಡದೆ ದಾಟಿಸುತ್ತಿತ್ತು. "ಒಂದು ಯಂತ್ರ ಇಲ್ಲ. ಮನೆ ತನ್ನನ್ನ ತಾನೇ ತಂಪು ಮಾಡ್ಕೊಳ್ಳತ್ತೆ." ಚಪ್ಪಾಳೆ. ಕುರ್ಚಿ ಸರಿದ ಸದ್ದು. ಮೇಡಂಗೆ ಹೇಳಿಬಿಡಿ ಎಂದು ಯಾರೋ ಅಂದರು, ಹೇಳ್ತೀನಿ ಎಂದರು ತಂದೆ. ಬಾಗಿಲು ಹಾಕಿಕೊಂಡಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ತಂದೆಯ ದನಿ, "ಏಯ್, ಎಲ್ಲಿದ್ದೀಯೇ? ಪರದೆ ಒಣಗಿದೆ."

*

"ನೀನು ಎಲ್ಲರ ಹತ್ತಿರಾನೂ ಅದೇ ಹೇಳ್ತಿದ್ದೀಯ," ಎಂದಳು ಮಗಳು, ತಂದೆಯನ್ನು ಅಡುಗೆಮನೆಗೆ ಕರೆದು. "ಒಣಗಿದ ಬಟ್ಟೆ ತರೋಕೆ ತಾರಸಿಗೆ ಹೋಗಿ ಬಿಸಿಲಿಗೆ ಕುಸಿದು ಬಿದ್ಲು ಅಂತ. ಯಾವ ಬಟ್ಟೆ ಅಪ್ಪ?"

ತಂಪಪ್ಪನವರು ಆರಿದ ಒಲೆಯನ್ನು ನೋಡುತ್ತ ನಿಂತರು. "ಯಾರೋ ಕೇಳಿದ್ರು, ಬಾಯಿಗೆ ಹಾಗೇ ಬಂತು. ಈಗ ಬದಲಾಯಿಸಿದ್ರೆ ಜನ ಏನಂತಾರೆ?"

"ನಿಜ ಅಂತಾರೆ."

"ನಿಂಗೆ ಗೊತ್ತಾಗಲ್ಲ. ಈ ಮನೆ ನೋಡಿ ಎಷ್ಟು ಜನ ಎಸಿ ಬೇಡ ಅಂದ್ಕೊಂಡಿದ್ದಾರೆ. ಗೋಣಿ, ಬಕೆಟ್ಟು ಅಂದ್ರೆ ನಗ್ತಾರೆ."

"ನಗಲಿ. ನಾನು ಫೋನಲ್ಲಿದ್ದೆ ಅಪ್ಪ. ಮೇಲೆ ನೋಡ್ತೀಯಾ ಅಂದಿದ್ದೂ ಕೇಳಿಸ್ತು, ಚಪ್ಪಾಳೆ ಹೊಡೆದಿದ್ದೂ ಕೇಳಿಸ್ತು. ವ್ಯಾನ್ ಬರೋದ್ರೊಳಗೆ ನೀನೇ ಬಾಯಿಬಿಟ್ಟು ಹೇಳು. ಸುಳ್ಳು ಹೊದಿಸಿ ನಮ್ಮಮ್ಮನ್ನ ಕಳಿಸೋಕೆ ನಾನು ಬಿಡಲ್ಲ."

"ಮೆಲ್ಲಗೆ ಮಾತಾಡು."

"ಯಾಕೆ, ಜೋರಾಗಿ ಮಾತಾಡಿದ್ರೂ ಬಿಸಿ ಆಗತ್ತಾ?"

*

ಒಂದು ಸಲ, ಹೋದ ಬೇಸಿಗೆಯಲ್ಲಿ, ತಾಯಿ ಏದುಸಿರು ಬಿಡುತ್ತ ಅಂಗಡಿಗೇ ಬಂದಿದ್ದಳು. ಗಾಬರಿಯಾದ ಮಗಳು ಸ್ಟೂಲು ಎಳೆದು ಕೂರಿಸಿದಳು.

"ಏನೂ ಆಗಿಲ್ಲ ಕಣೇ. ಬಸ್ಸಲ್ಲಿ ಬಂದೆ. ಆ ಹೊಸದು ಬಿಟ್ಟಿದ್ದಾರಲ್ಲ, ಎಸಿದು."

"ಎಲ್ಲಿಗೆ ಹೋಗಿದ್ದೆ?"

"ಎಲ್ಲಿಗೂ ಇಲ್ಲ. ಕೊನೇ ಸ್ಟಾಪಿಗೆ ಟಿಕೆಟ್ ತಗೊಂಡೆ. ಅಲ್ಲಿ ಎಲ್ಲರೂ ಇಳಿದ್ರು. ಕಂಡಕ್ಟರು ಇಳೀರಮ್ಮ ಅಂದ, ಇನ್ನೊಂದು ಟಿಕೆಟ್ ಕೊಡಪ್ಪ ಅಂದೆ. ಅದೇ ಸೀಟಲ್ಲಿ ವಾಪಸ್ ಬಂದೆ. ಏನು ನಿದ್ದೆ ಅಂತೀಯ!" ಕದ್ದು ತಿಂದ ಮಗುವಿನ ಮುಖ ಆಕೆಯದಾಗಿತ್ತು. "ಯಾರೂ ನೀರು ಹಾಕದೇನೇ ತಣ್ಣಗಿತ್ತು ಕಣೇ. ನಿಮ್ಮಪ್ಪಂಗೆ ಹೇಳ್ಬೇಡ, ಬೇಜಾರು ಮಾಡ್ಕೋತಾರೆ."

ಮಗಳು ಹೇಳಿರಲಿಲ್ಲ. ನಿನ್ನೆಯಿಂದ ಅವಳಿಗೆ ತಂದೆಯ ಮೇಲೆ ಎಷ್ಟು ಸಿಟ್ಟಿತ್ತೋ, ಆ ಮಾತಿಗೆ ನಕ್ಕು ಸುಮ್ಮನಾಗಿದ್ದ ತನ್ನ ಮೇಲೂ ಅಷ್ಟೇ ಇತ್ತು.

*

ಎಂಜಿನಿಯರ್ ಹುಡುಗ ಬಂದಾಗ ನಡುಮನೆಯಲ್ಲಿ ಎಲ್ಲರ ಅಂಗಿಗಳೂ ಬೆನ್ನಿಗೆ ಅಂಟಿದ್ದವು. ಅವನು ಹೂವಿನ ಹಾರವನ್ನು ಆಕೆಯ ಕಾಲ ಬಳಿ ಇಟ್ಟು, ಎದ್ದು, ತಂಪಪ್ಪನವರ ಎರಡೂ ಕೈ ಹಿಡಿದುಕೊಂಡ. ನಿಜವಾಗಿಯೂ ಅತ್ತಿದ್ದ ಕಣ್ಣುಗಳು.

"ನಾವು ಇಲ್ಲಿರುವಾಗಲೇ ಆಯ್ತಂತೆ. ನಮಗೆ ಗೊತ್ತೇ ಆಗಲಿಲ್ಲ. ಹೇಗಾಯ್ತು ಸರ್?"

ತಂಪಪ್ಪನವರು ಮಗಳ ಕಡೆ ನೋಡಿದರು. ಮತ್ತೆ ಹುಡುಗನ ಕಡೆ ನೋಡಿದರು. "ತಾರಸಿಗೆ ಹೋಗಿದ್ಲಪ್ಪ. ಬಟ್ಟೆ ತರೋಕೆ."

ಹುಡುಗ ಕಲಿತದ್ದನ್ನು ಮರೆಯುವವನಲ್ಲ. ಅವನಿಗೆ ಕೆಟ್ಟ ಉದ್ದೇಶವೂ ಇರಲಿಲ್ಲ.

"ಬಟ್ಟೆ ತರೋಕಾ? ಆದ್ರೆ ಸರ್, ತಾರಸಿ ಮೇಲೆ ಹಗ್ಗಾನೇ ಕಟ್ಟಬಾರದು, ಬಿಳುಪು ಬಯಲಾಗಿ ಬಿದ್ದಿದ್ರೇನೇ ಬಿಸಿಲು ವಾಪಸ್ ಹೋಗೋದು ಅಂತ ನಿನ್ನೆ ತಾನೇ ಹೇಳಿದ್ರಲ್ಲ? ಈ ಮನೇಲಿ ಬಟ್ಟೆ ಯಾವತ್ತೂ ಹಿತ್ತಲಲ್ಲೇ ಒಣಗೋದು ಅಂತ?"

ಮೂವತ್ತು ಜನರೂ ಆ ಭಾಷಣವನ್ನು ಒಂದಲ್ಲ ಒಂದು ಸಲ ಕೇಳಿದವರು. ಹಗ್ಗದ ಭಾಗ ಎಲ್ಲರಿಗೂ ಬಾಯಿಪಾಠವಾಗಿತ್ತು. ಪಕ್ಕದ ಮನೆಯಾಕೆಯ ಕೈಯಲ್ಲಿದ್ದ ಪತ್ರಿಕೆ ನಿಂತಿತು.

"ಗೋಣಿ," ಎಂದರು ತಂಪಪ್ಪನವರು ಕೊನೆಗೆ.

"ಗೋಣಿನಾ ಸರ್?"

"ಮಧ್ಯಾಹ್ನ ಸುಣ್ಣ ಒಂದೇ ಸಾಲಲ್ಲ. ಒದ್ದೆ ಗೋಣಿ ಹಾಸಬೇಕಾಗತ್ತೆ. ಒಣಗಿದ ಹಾಗೆಲ್ಲ ನೀರು ಹಾಕ್ಬೇಕು."

"ಯಾರು ಹಾಕ್ತಿದ್ರು ಅಪ್ಪ?" ಎಂದಳು ಮಗಳು.

"ಈಗ್ಯಾಕಮ್ಮ ಆ ಮಾತು," ಎಂದ ಚಿಕ್ಕಪ್ಪ.

"ನೀವು ಸುಮ್ನಿರಿ ಚಿಕ್ಕಪ್ಪ. ನಿಮಗೂ ಅಮ್ಮ ಆ ಬಿಸಿಲಲ್ಲಿ ತಾರಸಿಯಿಂದ ಇಳಿದು ಬಂದು ನೀರು ಕೊಟ್ಟಿದ್ದಾಳೆ. ಅಪ್ಪ, ಹೇಳು. ಬೇಸಿಗೆ ಪೂರ್ತಿ, ಈ ಮನೆ ಕಟ್ಟಿದ ದಿನದಿಂದ, ಯಾರು ಹಾಕ್ತಿದ್ರು? ನಿನ್ನೆ ಯಾರು ಹಾಕು ಅಂದ್ರು?"

ತಂಪಪ್ಪನವರ ಹಣೆಯಿಂದ ಒಂದು ಹನಿ ಇಳಿದು ಮೂಗಿನ ತುದಿಯಲ್ಲಿ ನಿಂತಿತು. ಅದನ್ನು ಅವರು ಒರೆಸಿಕೊಳ್ಳಲಿಲ್ಲ.

"ಇವಳೇ ಹಾಕ್ತಿದ್ಲು," ಎಂದರು. "ನಾನೇ ಅಂದೆ, ಹೋಗು ಅಂತ." ಆಮೇಲೆ ಎಂಜಿನಿಯರನ ಕಡೆ ತಿರುಗಿ, "ಆದ್ರೆ ಗೋಡೆ ದಪ್ಪ ಇರೋದು ನಿಜ."

ಹುಡುಗ ಕಣ್ಣೆತ್ತಿ ಸೂರನ್ನು ನೋಡಿದ. ಆಮೇಲೆ ನೆಲದ ಮೇಲಿದ್ದ ಆಕೆಯ ಕಾಲುಗಳನ್ನು ನೋಡಿದ. ಅಂಗಾಲುಗಳಲ್ಲಿ ಹಳೆಯದರ ಮೇಲೆ ಹೊಸದಾಗಿ ಸುಟ್ಟ ಗುರುತುಗಳಿದ್ದವು. ಅವನು ಹಾರವನ್ನು ಅವುಗಳ ಪಕ್ಕವೇ ಇಟ್ಟಿದ್ದ.

ಹೊರಗೆ ವ್ಯಾನು ಬಂದು ನಿಂತಿತು.

ಮಗಳು ತಲೆಯ ಕಡೆ ಕೈ ಹಾಕಿದಳು. ಹೆಂಗಸರು ಎತ್ತುವುದು ಬೇಡ ಎಂದು ಹೇಳಲು ಯಾರಿಗೂ ಧೈರ್ಯವಾಗಲಿಲ್ಲ. ಆಕೆಯನ್ನು ಚಾಪೆಯ ಸಮೇತ ಎತ್ತಿದರು. ಎಲ್ಲರೂ ಒಬ್ಬರ ಹಿಂದೊಬ್ಬರು ಬೆಂಕಿಯಂಥ ಬೀದಿಗೆ ಇಳಿದರು. ವ್ಯಾನಿನ ಬಾಗಿಲು ಹಾಕುವ ಹೊತ್ತಿಗೆ ತಂಪಪ್ಪನವರು ಇಲ್ಲದಿರುವುದು ಗೊತ್ತಾಯಿತು. ಕರೆಯಲು ಮಗಳೇ ಒಳಗೆ ಬಂದಳು.

ಅವರು ಕುರ್ಚಿಯನ್ನು ನಡುಮನೆಯ ಮಧ್ಯಕ್ಕೆ ಎಳೆದುಕೊಂಡು ಕುಳಿತಿದ್ದರು. ಹೊರಡಲೆಂದು ಮೆಟ್ಟಿದ್ದ ಚಪ್ಪಲಿ ಬಿಚ್ಚಿ, ಚಾಪೆ ಎತ್ತಿದ ಜಾಗದಲ್ಲಿ ಎರಡೂ ಪಾದಗಳನ್ನು ಊರಿದ್ದರು.

"ಇಲ್ಲಿ ಇನ್ನೂ ತಣ್ಣಗಿದೆ," ಎಂದರು ಅವರು, ತಲೆಯೆತ್ತದೆ.

ಹೊರಗೆ ಚಾಲಕ ಒಂದು ಸಲ ಹಾರ್ನ್ ಮಾಡಿದ. ಮಗಳು ಬಾಗಿಲಲ್ಲೇ ನಿಂತಳು. ಬಲಗಾಲಿನ ಅಡಿಯ ನೆಲ ಬೆಚ್ಚಗಾಗಿರಬೇಕು. ತಂಪಪ್ಪನವರು ಆ ಪಾದವನ್ನು ಎತ್ತಿ, ತಡಕಾಡಿ, ಆಕೆಯ ತಲೆ ಇದ್ದ ಕಡೆಗೆ ಸರಿಸಿ ಇಟ್ಟರು.