ಬಲೆ ತುಂಬಿತು ಮಾರಾಯ್ರೇ

ಫವಾಝ್ ತಲೆ ಮೇಲೆ ಕೈ ಇಟ್ಟುಕೊಂಡ, ಯಾ ಅಲ್ಲಾ ಅಂದ, ಅಂದರೆ ಗೋಲ್ ಆಗಿದೆ, ಪಕ್ಕದ ಮೇಜಿನ ಅವನ ಅರಬ್ಬಿ ಚಾನೆಲ್ ನನ್ನ ಮೊಬೈಲಿಗಿಂತ ತುಸು ಮುಂದೆ ಓಡುತ್ತದೆ, ನನ್ನ ಸ್ಕ್ರೀನಿನಲ್ಲಿ ಚೆಂಡು ಇನ್ನೂ ಜಪಾನಿನವರ ಕಾಲಲ್ಲೇ ಇದೆ, ಸೈತಾಮಾದ ಆ ಹಸಿರು ಹುಲ್ಲಿನಲ್ಲಿ ನಮ್ಮ ಬಹ್ರೈನಿನವರಿಗೆ ಏನಾಗಲಿದೆ ಅಂತ ಇನ್ನೂ ಗೊತ್ತಿಲ್ಲ — ಈ ಆಟ ಗೆದ್ದರೆ ಜಪಾನಿಗೆ ವಿಶ್ವಕಪ್ಪಿನಲ್ಲಿ ಜಾಗ ಖಾತ್ರಿ — ರಮದಾನಿನ ಅರ್ಧ ದಿನದ ಆಫೀಸು, ಕಿಟಕಿಯಾಚೆ ಬಹ್ರೈನಿನ ಹಿದ್ದ್ ಬಂದರಿನ ಕ್ರೇನುಗಳು, ಕಿವಿಯೊಳಗೆ ಕನ್ನಡ ಕಾಮೆಂಟರಿ, ನಾನೂ ಸಂದೇಶನೂ ಆಸೆಪಟ್ಟದ್ದು ಇದಕ್ಕೇ ಅಲ್ಲವಾ, ಆದರೆ ನಮ್ಮಿಬ್ಬರಲ್ಲಿ ಧ್ವನಿ ಒಬ್ಬರದೇ, ಅವನದು, ರಜೆಯಲ್ಲಿ ಊರಿಗೆ ಹೋಗ್ತೇನೆ, ಅಮ್ಮನ ಮೊಣಕಾಲು ತೋರಿಸ್ಬೇಕು ಅಂದಿದ್ದ, ಮೊಣಕಾಲು ಉಡುಪಿಯಲ್ಲಿ, ಇವನು ಬೆಂಗಳೂರಿನ ಸ್ಟುಡಿಯೋದಲ್ಲಿ. ಕಳೆದ ವರ್ಷ ಜಪಾನ್ ಲೀಗಿನ ಇಡೀ ಸೀಸನ್ನು ಶನಿವಾರ ಶನಿವಾರ ಸಿತ್ರಾದಿಂದ ಬರುತ್ತಿದ್ದ, ಜಿಂಜ್‌ನ ನನ್ನ ಫ್ಲ್ಯಾಟಿನ ಚಿಕ್ಕ ಕೋಣೆ, ಗೋಡೆಗೆಲ್ಲ ಬೆಡ್‌ಶೀಟು ತೂಗುಹಾಕಿ, ಎರಡು ಮೈಕು, ಗಲ್ಫಿನ ನಮ್ಮೂರವರಿಗೆ ಯೂಟ್ಯೂಬಿನಲ್ಲಿ ನಮ್ಮ ಕನ್ನಡ ಕಾಮೆಂಟರಿ ಕಾರ್ಯಕ್ರಮ, ಶುರುವಿನಲ್ಲಿ ಅವನಿಗೆ ಆಫ್‌ಸೈಡ್ ಅಂದರೆ ಎಂತ ಅಂತ ಗೊತ್ತಿರಲಿಲ್ಲ, ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಲೋಟ ಇಟ್ಟು ಹೇಳಿಕೊಟ್ಟೆ, ನಮ್ಮ ಮೆಚ್ಚಿನ ಹಿರೋಶಿಮಾ ತಂಡ ಮೇಲೇರಿದಾಗ ಇಬ್ಬರೂ ಕುಣಿದೆವು, ಸೆಪ್ಟೆಂಬರಿನಲ್ಲಿ ಜಪಾನ್ ತಂಡವೇ ರಿಫಾಕ್ಕೆ ಬಂದು ಐದು ಗೋಲು ಹೊಡೆದು ಹೋದಾಗ ಸ್ಟೇಡಿಯಮ್ಮಿನ ಹೊರಗೆ ಕಾರಿನ ಗ್ಲಾಸು ಏರಿಸಿ ರೆಕಾರ್ಡು ಮಾಡಿದೆವು, ಬೆವರು ಇಳಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ, ಆಮೇಲೆ ಹಿರೋಶಿಮಾ ಜಾರಿತು, ಕೊನೆಯ ದಿನ ಕೋಬೆ ತಂಡ ಕಪ್ ಎತ್ತಿತು, ನನ್ನ ಕಣ್ಣಲ್ಲಿ ನೀರು ನೋಡಿ ಸಂದೇಶ ಚಾ ಮಾಡಿ ತಂದ, ಇಬ್ಬರೂ ಸೇರಿ ನಮ್ಮ ರೆಕಾರ್ಡಿಂಗು ಕಳಿಸಿದ್ದ ಆ ಬೆಂಗಳೂರಿನ ಚಾನೆಲ್ಲಿನವರು ಉತ್ತರ ಕೊಟ್ಟರಾ ಅಂತ ಕೇಳಿದೆ, ಅವರಿಗೆ ಕನ್ನಡ ಬೇಡವಂತೆ ಅಶ್ಮಿತಾ, ಬಿಟ್ಟುಬಿಡು ಅಂದ, ಚಾಕ್ಕೆ ಸಕ್ಕರೆ ಸಾಕಾ ಅಂತಲೂ ಕೇಳಿದ, ಎರಡನ್ನೂ ಒಂದೇ ಸ್ವರದಲ್ಲಿ.

ಈಗ ನನ್ನ ಸ್ಕ್ರೀನಿನಲ್ಲೂ ಗೋಲು, ಬಲೆ ಉಬ್ಬಿತು, ಕಿವಿಯೊಳಗೆ ಅವನು ಉಸಿರೆಳೆದದ್ದು ಕೇಳಿಸಿತು, ಬೇಡ ಸಂದೇಶ, ಅದೊಂದು ಬೇಡ — ಬಲೆ ತುಂಬಿತು ಮಾರಾಯ್ರೇ, ಎಳೀರಿ ಎಳೀರಿ — ಅಯ್ಯೋ ಹೇಳಿಯೇಬಿಟ್ಟ, ಮಂಗಳೂರಿನ ನೆಹರೂ ಮೈದಾನದಲ್ಲಿ ಅಪ್ಪ ಮೈಕು ಹಿಡಿದು ಕೂಗುತ್ತಿದ್ದದ್ದು, ನಮ್ಮೂರು ಬೆಂಗ್ರೆಯ ಮೀನುಗಾರ ಗಂಡಸರೆಲ್ಲ ದಡದಲ್ಲಿ ಬಲೆ ಎಳೆಯುವಾಗಿನ ಹುಮ್ಮಸ್ಸಿನಲ್ಲಿ ಎದ್ದು ನಿಲ್ಲುತ್ತಿದ್ದರು, ನಾನು ಅಪ್ಪನ ಕಾಲ ಬಳಿ ಕೂತು ಕಡಲೆ ತಿನ್ನುತ್ತಿದ್ದೆ, ಆಮೇಲೆ ಗಂಟಲ ಕ್ಯಾನ್ಸರು, ಆಪರೇಷನ್, ಕತ್ತಿನಲ್ಲಿ ತೂತು, ಸ್ವರ ಹೋಯಿತು, ಆ ಕೂಗು ನನ್ನ ಬಾಯಲ್ಲಾದರೂ ಉಳಿಯಲಿ ಅಂತಲೇ ಅಲ್ಲವಾ ಕಾರ್ಯಕ್ರಮ ಶುರು ಮಾಡಿದ್ದು, ಸಂದೇಶನಿಗೆ ಅದೆಲ್ಲ ಗೊತ್ತು, ಬೆಂಗ್ರೆಗೆ ಬಂದು ಅಪ್ಪನ ಕಾಲು ಮುಟ್ಟಿದವನು, ನಮ್ಮ ಮನೆಯಲ್ಲಿ ಬಂಗುಡೆ ಮೀನಿನ ಪುಳಿಮುಂಚಿ ಉಂಡವನು. ಸ್ಟುಡಿಯೋದಲ್ಲಿ ಅವನ ಜೊತೆಗೆ ಕೂತವರು ಯಾರೋ ಕೇಳುತ್ತಿದ್ದಾರೆ, ಆಹಾ ಸಂದೇಶ್, ಈ ಮಾತು ಎಲ್ಲಿಂದ ತಂದ್ರಿ, ಅವನು ನಕ್ಕ, ನನ್ನ ತಂದೆಯವರದ್ದು ಸರ್, ನೆಹರೂ ಮೈದಾನದಲ್ಲಿ ಅನೌನ್ಸರ್ ಆಗಿದ್ರು. ಅವನ ತಂದೆ ಬ್ಯಾಂಕಿನಲ್ಲಿದ್ದವರು, ಚೆಂಡು ಕಂಡರೆ ದೂರ ಸರಿಯುವವರು, ಅವನೇ ಹೇಳಿ ನಗಿಸಿದ್ದ. ಕೆಲಸ ಕದ್ದರೆ ಕದಿಯಲಿ, ಸುಳ್ಳು ಹೇಳಿ ಹೋದರೆ ಹೋಗಲಿ, ನನ್ನ ಹೆಸರು ಬಿಟ್ಟರೂ ಬಿಡಲಿ, ಅಪ್ಪನನ್ನೇ ಹೊತ್ತುಕೊಂಡು ಹೋಗುವುದಾ.

ಅಶ್ಮಿತಾ, ಯು ಓಕೆ? ಫವಾಝ್ ಕೇಳುತ್ತಾನೆ, ಬಹ್ರೈನ್ ಸೋಲುತ್ತಿದೆ ಅಂತ ನಾನೂ ಅಳುತ್ತಿದ್ದೇನೆ ಅಂದುಕೊಂಡಿರಬೇಕು, ಒಳ್ಳೆಯ ಮನುಷ್ಯ, ಬೆಳಗಿನಿಂದ ಒಂದು ಗುಟುಕು ನೀರು ಕುಡಿಯದೆ ನನಗೆ ಟಿಶ್ಯೂ ಚಾಚುತ್ತಾನೆ. ಫೋನು ಅದುರಿತು, ಅಮ್ಮನ ವಿಡಿಯೋ ಕಾಲು, ಕಾಮೆಂಟರಿ ಕಡಿಯಿತು, ಬೆಂಗ್ರೆಯ ಮನೆ, ಟಿವಿ ಜೋರಾಗಿ ಓಡುತ್ತಿದೆ, ಅಲ್ಲೂ ಅದೇ ಧ್ವನಿ, ಮಗಾ, ಸಂದೇಶ ಹೇಳಿದ್ದು ಕೇಳಿದ್ಯಾ, ಅವನಪ್ಪ ಯಾವಾಗ ಮೈಕು ಹಿಡಿದದ್ದು, ಅಮ್ಮ ದನಿ ತಗ್ಗಿಸಿದರು, ಅಪ್ಪ ಸನ್ನೆಯಲ್ಲಿ ಕೇಳ್ತಿದ್ದಾರೆ ಮಗಾ, ನೀನೇ ಕೊಟ್ಟುಬಿಟ್ಟದ್ದಾ ಅಂತ. ಇಲ್ಲಮ್ಮ ಅಂದೆ, ಗಟ್ಟಿಯಾಗಿ ಅಂದೆ, ಇಲ್ಲಪ್ಪ, ನಾನು ಕೊಟ್ಟದ್ದಲ್ಲ, ದೇವರಾಣೆ ಅಲ್ಲ, ನನಗೂ ಈಗಲೇ ಗೊತ್ತಾದದ್ದು, ಎಲ್ಲರಿಗೂ ಹೇಳ್ತೇನೆ, ಇವತ್ತೇ ಹೇಳ್ತೇನೆ, ಇದು ನಮ್ಮಪ್ಪನದ್ದು ಅಂತ ಮೈಕಿನಲ್ಲೇ ಹೇಳ್ತೇನೆ, ಅಮ್ಮ ಫೋನು ಆಚೆ ತಿರುಗಿಸಿದರು, ಅಪ್ಪ ಕುರ್ಚಿಯಲ್ಲಿ, ಕೊರಳಿಗೆ ಬಿಳಿ ಬಟ್ಟೆ, ನನ್ನ ಮಾತು ಮುಟ್ಟಿತೋ ಇಲ್ಲವೋ, ಕಣ್ಣು ನನ್ನ ಕಡೆ ಇಲ್ಲ, ಟಿವಿಯ ಕಡೆ, ಇಲ್ಲಿ ನನ್ನ ಪಕ್ಕದಲ್ಲಿ ಫವಾಝ್ ಖಲಾಸ್ ಅಂದು ಕುರ್ಚಿ ಹಿಂದೆ ತಳ್ಳಿದ, ಎರಡನೆಯ ಗೋಲು, ಜಪಾನ್ ವಿಶ್ವಕಪ್ಪಿಗೆ ಹೋಯಿತು, ಬೆಂಗ್ರೆಗೆ ಅದಿನ್ನೂ ತಲುಪಿಲ್ಲ, ಈಗ ತಲುಪುತ್ತದೆ, ಈಗ — ಅಪ್ಪ ಮುಂದಕ್ಕೆ ಬಾಗಿದರು, ಎಷ್ಟೋ ವರ್ಷದ ಅಭ್ಯಾಸ, ಎದೆ ಉಬ್ಬಿತು, ಬಾಯಿ ತೆರೆಯಿತು, ಅಗಲವಾಗಿ ತೆರೆಯಿತು, ಮತ್ತು ಆ ಕೋಣೆಯಲ್ಲಿ ಸಂದೇಶನ ಧ್ವನಿ ಬಲೆ ತುಂಬಿತು ಅಂತ ಕೂಗಿತು, ಎಳೀರಿ ಅಂತ ಕೂಗಿತು, ಅಪ್ಪನ ಬಾಯಿಂದಲೇ ಬಂದ ಹಾಗೆ, ಫೋನು ಸಿಕ್ಕಿಹಾಕಿಕೊಂಡಿತು, ಚಿತ್ರ ನಿಂತಿತು, ತೆರೆದ ಬಾಯಿ, ಅಪ್ಪನ ತೆರೆದ ಬಾಯಿ, ಮುಚ್ಚುತ್ತಿಲ್ಲ, ಅಪ್ಪನ ಬಾಯಿ —