ಜೇಬಿನಲ್ಲಿ ಊರ ಹೆಸರು

ದೂರದ ಊರಿಗೆ ಹೊರಟವರ ಪಡಸಾಲೆ ಹೇಗಿರುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಲಿಡಲು ಜಾಗವಿರುವುದಿಲ್ಲ. ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರಿ ಬಸಗೊಂಡನ ಮನೆಯಲ್ಲೂ ಆ ಸಂಜೆ ಹಾಗೇ ಇತ್ತು. ಸಾವಿರದ ಒಂಬೈನೂರ ಅರವತ್ತನಾಲ್ಕನೆಯ ಇಸವಿ, ದೀಪಾವಳಿ ಮುಗಿದು ಎರಡು ವಾರವಾಗಿತ್ತು. ಅವನ ಹೆಂಡತಿ ಗೌರವ್ವನ ತಂಗಿ ಸಾತಾರೆಯಲ್ಲಿ ಹಡೆದಿದ್ದಳು. ತೊಟ್ಟಿಲ ಕಾರ್ಯಕ್ಕೆ ಅಕ್ಕ ಹೋಗದಿದ್ದರೆ ಆದೀತೇ? ಎಸ್.ಟಿ. ಬಸ್ಸಿಗೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬಸಗೊಂಡ ಮೂರು ತಿಂಗಳ ಹಿಂದೆ ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ಕೊಂಡಿದ್ದ. ಕೊಂಡವನಿಗೆ ಬಸ್ಸು ಕಣ್ಣಿಗೆ ಕಾಣುತ್ತದೆಯೇ!

ಆ ಗಾಡಿಯ ಮೇಲೆ ಗೌರವ್ವ ಹೋಗಿದ್ದ ಅತಿ ದೂರದ ಊರೆಂದರೆ ಸಂಕೇಶ್ವರ. ಸಾತಾರೆ ನೂರಿಪ್ಪತ್ತು ಮೈಲಿ. ಗಂಡ ಹೆಂಡತಿ ಇಬ್ಬರೂ ಒಂದೇ ಗಾಡಿಯ ಮೇಲೆ, ಇಬ್ಬರು ಮಕ್ಕಳು ಅತ್ತೆಯ ಹತ್ತಿರ. ಏನಾದರೂ ಆದರೆ ಇಬ್ಬರಿಗೂ ಒಟ್ಟಿಗೇ ಆಗುತ್ತದೆ. ಈ ಮಾತು ವಾರದಿಂದ ಅವಳ ಎದೆಯಲ್ಲಿ ಕೂತಿತ್ತು. ಬಾಯಿಬಿಟ್ಟು ಹೇಳಲು ಧೈರ್ಯವಿರಲಿಲ್ಲ. ಹೆದರಿಕೆಯಾದಾಗಲೆಲ್ಲ ಅವಳು ಒಂದೊಂದು ಗಂಟು ಕಟ್ಟುತ್ತಿದ್ದಳು. ಗಾಡಿ ಕೆಟ್ಟು ಉಪವಾಸ ಬಿದ್ದರೆ ಎಂದು ಮೂವತ್ತು ರೊಟ್ಟಿ. ಅಡವಿಯಲ್ಲಿ ಇಳಿಯಬೇಕಾದರೆ ಎಂದು ಎರಡು ಕೌದಿ. ಅದರ ಮೇಲೆ ಬಾಣಂತಿಗೆ ಅಂಟಿನುಂಡೆಯ ಡಬ್ಬಿ, ಕೊಬ್ಬರಿ, ಐದು ಸೇರು ಮೆಣಸಿನ ಪುಡಿ, ಹಿತ್ತಾಳೆಯ ಕೊಡ. ಕೊಡ ಏಕೆಂದು ಕೇಳಬೇಡಿ, ಅವಳಿಗೂ ಗೊತ್ತಿರಲಿಲ್ಲ.

ಬಸಗೊಂಡ ಅದನ್ನೆಲ್ಲ ಫಟಫಟಿಯ ಹಿಂದಿನ ಕ್ಯಾರಿಯರ್ ಮೇಲೆ ಹೇರಿದ. ಇನ್ನೂ ಹಿಂದಕ್ಕೆ, ಇನ್ನೂ ಎತ್ತರಕ್ಕೆ. ಚಕ್ಕಡಿಯ ಹಗ್ಗದಿಂದಲೇ ಬಿಗಿದ.

ಆಗ ಬಂದವನು ಹಣಮಂತ ಮಿಸ್ತ್ರಿ. ಎಸ್.ಟಿ. ಸ್ಟ್ಯಾಂಡಿನ ಪಕ್ಕ ಅವನ ಗ್ಯಾರೇಜು. ಮಿಲ್ಟ್ರಿಯಲ್ಲಿ ಫಟಫಟಿಯ ಮೇಲೆ ಟಪಾಲು ಒಯ್ಯುವ ಕೆಲಸ ಮಾಡಿ ಬಂದವನು. ಅಂಗಳದಲ್ಲಿ ನಿಂತು ಗಾಡಿಯನ್ನು ಒಂದು ಸುತ್ತು ಹಾಕಿದ.

"ಬಸಗೊಂಡಣ್ಣಾ, ಸಾತಾರಿಗೆ ಹೊಂಟೀರೋ, ಮನೀನ ಖಾಲಿ ಮಾಡಾಕತ್ತೀರೋ?"

"ನಗಬ್ಯಾಡೋ ಮಿಸ್ತ್ರಿ. ಹದಿನೈದ ವರ್ಷ ಚಕ್ಕಡಿ ಹೇರೇನಿ. ಮುಂದ ಭಾರ ಬಿದ್ರ ಎತ್ತಿನ ಹೆಗಲ ಹರೀತೈತಿ. ಅದಕ್ಕ ಹಿಂದ ಹೇರೂದು. ಮುಂದಿನ ಗಾಲಿ ಹಗುರ ಇದ್ದಷ್ಟೂ ಇಂಜಿನ್ನಿಗೆ ಆರಾಮ."

"ಇದಕ್ಕ ಎತ್ತು ಎಲ್ಲೈತ್ರಿ?"

"ಇಂಜಿನ್ನ ಎತ್ತು."

ಮಿಸ್ತ್ರಿ ವಾದ ಮಾಡಲಿಲ್ಲ. "ಹಂಗಾದ್ರ ಇಬ್ಬರೂ ಕೂತು ಹೊಳಿ ಪೂಲಿನ ತನಕ ಹೋಗಿ ಬರ್ರಿ. ಭಾಳ ಸಾವಕಾಶ ಹೋಗ್ರಿ, ನಡಕೊಂಡ ಹೋದಂಗ. ನಾ ಸೈಕಲ್ ಮ್ಯಾಲ ಹಿಂದ ಬರ್ತೇನಿ," ಎಂದ.

ಸಾವಕಾಶ ಎಂದರೆ ಬಸಗೊಂಡನಿಗೆ ಅವಮಾನ. ಹಿರಣ್ಯಕೇಶಿ ಹೊಳೆಯ ಪೂಲಿಗೆ, ಆ ಸೇತುವೆಗೆ, ಏರುವ ಕಡೆ ಗಾಡಿಯನ್ನು ಓಡಿಸಿಯೇ ಬಿಟ್ಟ. ಏರಿನಲ್ಲಿ ಮುಂದಿನ ಗಾಲಿ ನೆಲ ಬಿಟ್ಟಂತಾಯಿತು. ಹ್ಯಾಂಡಲ್ ಆ ಕಡೆ ಈ ಕಡೆ ಹೊರಳತೊಡಗಿತು. ಎಡಕ್ಕೆ ತಿರುಗಿಸಿದರೂ ಗಾಡಿ ಎಡಕ್ಕೆ ಹೋಗುತ್ತಿಲ್ಲ. ಎದುರಿನಿಂದ ಕಬ್ಬಿನ ಗಾಡಿಗಳ ಸಾಲು ಬರುತ್ತಿತ್ತು. ಗೌರವ್ವನಿಗೆ ಗಂಡನ ಹೆಗಲಾಚೆ ಎರಡು ಎತ್ತಿನ ಮುಖ ಕಂಡವು, ಅವುಗಳ ಕೋಡಿನ ಗೊಂಡೆ ಕಂಡವು, ಅಷ್ಟು ಹತ್ತಿರ. ಕಣ್ಣು ಮುಚ್ಚಿದಳು. ದೇವರ ಹೆಸರು ಬಾಯಿಗೆ ಬರಲಿಲ್ಲ, ಮಕ್ಕಳ ಹೆಸರು ಬಂತು.

ಪುಣ್ಯಕ್ಕೆ ಗಾಡಿ ರಸ್ತೆಯ ಪಕ್ಕದ ಉಸುಕಿಗೆ ಹೊರಳಿ ಬಿತ್ತು. ಮೊಣಕೈ ತರಚಿತು, ಅಷ್ಟೇ. ಕೊಡ ಮಾತ್ರ ಉರುಳುತ್ತ ಹೋಗಿ ಹೊಳೆಗೆ ಬಿತ್ತು.

ಮನೆಗೆ ಬಂದು ಗೌರವ್ವ ಕಂಬಕ್ಕೆ ಒರಗಿ ಕೂತಳು. "ನಾ ಬರೂದಿಲ್ರಿ. ನೀವೂ ಹೋಗಬ್ಯಾಡ್ರಿ," ಎಂದಳು. ಬಸಗೊಂಡ ಮೊಣಕೈಗೆ ಮೆತ್ತಿದ ಉಸುಕು ಒರೆಸಿಕೊಳ್ಳುತ್ತ ನಿಂತ. ಅವನ ಮುಖವೂ ಬಿಳುಚಿಕೊಂಡಿತ್ತು.

"ಹೋಗಬ್ಯಾಡ್ರಿ ಅಂತ ನಾನೂ ಹೇಳೂದಿಲ್ಲ ವೈನೀ," ಎಂದ ಮಿಸ್ತ್ರಿ. "ಫಟಫಟಿ ತಪ್ಪಿಲ್ಲ, ಹೇರಿದ್ದು ತಪ್ಪೈತಿ. ಹಿಂದ ಭಾರ ಆದ್ರ ಮುಂದಿನ ಗಾಲಿ ನೆಲಾ ಹಿಡಿಯಂಗಿಲ್ಲ. ನೆಲಾ ಹಿಡೀದ ಗಾಲಿ ನಿಮ್ಮ ಮಾತು ಕೇಳಂಗಿಲ್ಲ. ಭಾರ ಕೆಳಗ ಇರಬೇಕು, ಸೀಟಿನ ಹತ್ತರ ಇರಬೇಕು, ಎರಡೂ ಮಗ್ಗಲಿಗೆ ಸಮ ಇರಬೇಕು."

ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದ ಅತ್ತೆ ಅಕ್ಕವ್ವ ಅಟ್ಟ ಹತ್ತಿ ಒಂದು ಹಳೆಯ ಹಸಿಬೆ ಚೀಲ ತಂದಳು. ನಡುವೆ ಬಾಯಿ, ಎರಡು ಕಡೆ ಎರಡು ಹೊಟ್ಟೆಯ ದಪ್ಪ ಚೀಲ. "ಗೌರವ್ವಾ, ನಿಮ್ಮ ಮಾವ ಕುದರಿ ಮ್ಯಾಲ ಕೋವಾಡ ಸಂತಿಗೆ ಹೋಗಾವರು. ಇದರಾಗ ತುಂಬತಿದ್ರು. ಕುದರಿ ಒಂದ ದಿವಸ ಎಡವಲಿಲ್ಲ. ಇದು ನಡದೀತನ, ನೋಡ್ರಿ," ಎಂದಳು.

ಮಿಸ್ತ್ರಿ ಅದನ್ನು ಸೀಟಿನ ಅಡ್ಡಕ್ಕೆ ಹಾಕಿ ನೋಡಿದ. "ಆಯೀ, ನಿಮ್ಮನ್ನ ಗ್ಯಾರೇಜಿನ್ಯಾಗ ಕೆಲಸಕ್ಕ ಇಟಗೊಂಡೇನು!" ಎಂದು ಕೈಮುಗಿದ.

ಆಮೇಲೆ ಒಂದೊಂದೇ ಗಂಟು ಬಿಚ್ಚಿದರು. ರೊಟ್ಟಿ ಮೂವತ್ತರಿಂದ ಆರಕ್ಕೆ ಇಳಿಯಿತು. ದಾರಿಯಲ್ಲಿ ಕೊಲ್ಹಾಪುರ ಇದೆ, ಕರಾಡ ಇದೆ, ಅಲ್ಲಿ ಯಾರೂ ಉಪವಾಸ ಸಾಯುವುದಿಲ್ಲ. ಕೌದಿ ಒಂದು ಉಳಿಯಿತು. ಕೊಬ್ಬರಿ, ಮೆಣಸಿನ ಪುಡಿ ಎಸ್.ಟಿ. ಪಾರ್ಸಲ್ಲಿಗೆ ಹೋದವು. ಅಂಟಿನುಂಡೆಯ ಡಬ್ಬಿಯನ್ನು ಮಾತ್ರ ಗೌರವ್ವ ಕೈ ಬಿಡಲಿಲ್ಲ, ಮಿಸ್ತ್ರಿಯೂ ಹಟ ಹಿಡಿಯಲಿಲ್ಲ. ಅದನ್ನು ಹಸಿಬೆಯ ಒಂದು ಕಡೆ ತಳಕ್ಕೆ ಇಟ್ಟು, ಇನ್ನೊಂದು ಕಡೆ ಅಷ್ಟೇ ತೂಕದ ರಿಪೇರಿ ಹತ್ಯಾರು ಇಟ್ಟ. ನಟ್ಟು ತಿರುಗಿಸುವ ಪಾನೆ, ಒಂದು ಹೆಚ್ಚಿನ ಪ್ಲಗ್, ಕ್ಲಚ್ಚಿನ ವಾಯರು, ಒಂದು ಟ್ಯೂಬು, ಪಂಚರ್ ತೇಪೆ, ಗಾಳಿ ಹಾಕುವ ಪಂಪು.

"ಪಂಪು ಯಾಕ? ಹಾದಿಮ್ಯಾಲ ಸೈಕಲ್ ಅಂಗಡಿ ಇರ್ತಾವಲ್ಲ," ಎಂದ ಬಸಗೊಂಡ. ಇನ್ನೂ ಸ್ವಲ್ಪ ಜಂಬ ಉಳಿದಿತ್ತು.

"ತವಂದಿ ಘಾಟಿನ್ಯಾಗ ಯಾರ ಅಂಗಡಿ ಐತ್ರಿ? ಗಾಲಿಯ ಗಾಳಿ, ಅಂಗಡಿ ಬಂತೇನು ಅಂತ ನೋಡಿ ಹೋಗಂಗಿಲ್ಲ."

ಮೇಲುಗಡೆ ಕೈಗೆ ಸಿಗುವಂತೆ ನೀರಿನ ಬಾಟಲಿ, ಬ್ಯಾಟರಿ, ಒಗೆದು ಒಣಗಿಸಿದ ಧೋತರದ ಪಟ್ಟಿಗಳು, ಗಾಯಕ್ಕೆ ಹಚ್ಚುವ ಟಿಂಚರಿನ ಸೀಸೆ. ಚಕ್ಕಡಿಯ ಹಗ್ಗ ಬಿಸಾಡಿ ಹಳೆಯ ಟ್ಯೂಬು ಕತ್ತರಿಸಿ ಆ ರಬ್ಬರಿನಿಂದ ಬಿಗಿದ. "ಹಗ್ಗ ಕುಲುಕಿ ಕುಲುಕಿ ಸಡಲ ಆಗತೈತಿ. ರಬ್ಬರು ಬಿಡಂಗಿಲ್ಲ. ವೈನೀ, ನಿಮ್ಮ ಸೆರಗು, ನಿರಗಿ, ಒಂದೂ ಜೋತಾಡಬಾರದು. ಗಾಲಿಗೆ ಸಿಕ್ಕರ ಎಳಕೊಂಡ ಹೋಗತೈತಿ." ಕಡೆಗೆ ಮಿಲ್ಟ್ರಿಯಿಂದ ತಂದಿದ್ದ ಎರಡು ಗಟ್ಟಿ ಟೋಪಿ ತರಿಸಿಕೊಟ್ಟ. ಸೆರಗಿನ ಮೇಲೆ ಟೋಪಿ ಇಟ್ಟ ಸೊಸೆಯನ್ನು ನೋಡಿ ಅಕ್ಕವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ಸಂಜೆ ಆ ಮನೆಯಲ್ಲಿ ನಕ್ಕದ್ದು ಅದೊಂದೇ ಸಲ.

ಏಕೆಂದರೆ ಮಿಸ್ತ್ರಿ ಆಮೇಲೆ ಒಂದು ಕಾಗದ, ಒಂದು ಪೆನ್ಸಿಲ್ಲು ತೆಗೆದ.

"ಇದರಾಗ ಇಬ್ಬರ ಹೆಸರು, ಊರು, ಓಣಿ ಬರೀರಿ. ಯಾರಿಗೆ ತಾರು ಕಳಿಸಿ ತಿಳಸಬೇಕು ಅದನ್ನೂ ಬರೀರಿ. ಇಬ್ಬರ ಹತ್ತರಾನೂ ಒಂದೊಂದು ಚೀಟಿ ಇರಲಿ. ಕನ್ನಡದಾಗ, ಮರಾಠಿಯಾಗ, ಎರಡರಾಗೂ. ಸಂಕೇಶ್ವರದಾಗ ಬಿದ್ರ ಕನ್ನಡ ಓದತಾರ, ಕರಾಡದಾಗ ಬಿದ್ರ ಮರಾಠಿ ಓದತಾರ."

ಬಿದ್ದರೆ ಎಂಬ ಮಾತಿಗೆ ಗೌರವ್ವ ಟೋಪಿ ತೆಗೆದು ಕೆಳಗಿಟ್ಟಳು. ಹೊಳೆಯ ದಂಡೆಯ ಎತ್ತಿನ ಮುಖ ಮತ್ತೆ ಕಣ್ಣಮುಂದೆ ಬಂತು.

"ನಾವು ತೊಟ್ಟಲಾ ತೂಗಾಕ ಹೊಂಟೇವ್ರಿ, ಸಾಯಾಕಲ್ಲ. ಹೊರಡೂ ಮುಂದ ಇಂಥಾ ಅಪಶಕುನ ಬರೀಬಾರದು," ಎಂದು ಎದ್ದು ಒಳಗೆ ಹೋದಳು.

ಮಿಸ್ತ್ರಿ ಒತ್ತಾಯ ಮಾಡಲಿಲ್ಲ. ಕಾಗದ, ಪೆನ್ಸಿಲ್ಲು ಹಸಿಬೆಯ ಮೇಲಿನ ಕಿಸೆಯಲ್ಲಿ ತುರುಕಿ ಹೋದ.

ಮರುದಿನ ಬೆಳಕು ಹರಿದ ಮೇಲೆ ಹೊರಟರು. ಗಾಡಿ ಈಗ ನೆಟ್ಟಗೆ ಹೋಗುತ್ತಿತ್ತು, ತವಂದಿ ಘಾಟಿನ ತಿರುವುಗಳಲ್ಲೂ ಹ್ಯಾಂಡಲ್ ಅಲುಗಲಿಲ್ಲ. ಆದರೂ ಪ್ರತಿ ತಿರುವಿಗೆ ಗೌರವ್ವ ಗಂಡನ ಕೋಟು ಹಿಂಡುತ್ತಿದ್ದಳು. ನಿಪ್ಪಾಣಿ ದಾಟಿತು, ಕಾಗಲ ದಾಟಿತು, ಕೊಲ್ಹಾಪುರದಲ್ಲಿ ಚಹಾ ಆಯಿತು. ವಾರಣಾ ಹೊಳೆಯ ಪೂಲು ದಾಟಿದ ಮೇಲೆ ಮೊದಲ ಸಲ ಅವಳು ಉಸಿರು ಬಿಟ್ಟು ಸುತ್ತಲಿನ ಹೊಲ ನೋಡಿದಳು.

ಕರಾಡ ಇನ್ನೂ ಎಂಟು ಹತ್ತು ಮೈಲಿ ಇರುವಾಗ ರಸ್ತೆಯ ಪಕ್ಕದ ಚಹಾ ಹೋಟೆಲಿನ ಮುಂದೆ ಜನ ಕೂಡಿದ್ದರು. ಒಂದು ಫಟಫಟಿ ಬಿದ್ದಿತ್ತು, ಮುಂದಿನ ಗಾಲಿ ಸೊಟ್ಟಾಗಿತ್ತು. ಅದರ ಹಿಂದೆ ಹಗ್ಗದಿಂದ ಕಟ್ಟಿದ ಎತ್ತರದ ಗಂಟು ಬಿಚ್ಚಿಕೊಂಡು, ಸಾಮಾನು ರಸ್ತೆಯ ತುಂಬ ಹರಡಿತ್ತು. ಬಸಗೊಂಡ ಗಾಡಿ ನಿಲ್ಲಿಸಿದ. ಆ ಗಂಟನ್ನು ನೋಡಿ ಅವನು ಹಿಂದೆ ಕೈ ಚಾಚಿ ತಮ್ಮ ಹಸಿಬೆಯನ್ನು ಮುಟ್ಟಿ ನೋಡಿದ.

ಹೋಟೆಲಿನ ಹಗ್ಗದ ಮಂಚದ ಮೇಲೆ ಒಬ್ಬನನ್ನು ಮಲಗಿಸಿದ್ದರು. ಮೂವತ್ತರ ಒಳಗಿನ ವಯಸ್ಸು. ಉಸಿರಿತ್ತು, ಎಚ್ಚರ ಇರಲಿಲ್ಲ. ತಲೆಯಿಂದ ರಕ್ತ ಇಳಿಯುತ್ತಿತ್ತು. ಒರೆಸಲು ಯಾರೋ ಮೇಜು ಒರೆಸುವ ಬಟ್ಟೆ ತಂದಿದ್ದರು. ಗೌರವ್ವ ಓಡಿಹೋಗಿ ಹಸಿಬೆಯಿಂದ ಶುಭ್ರವಾದ ಪಟ್ಟಿ ತಂದಳು. ಬಸಗೊಂಡ ಗಾಯದ ಮೇಲೆ ಅದನ್ನು ಒತ್ತಿ ಹಿಡಿದ. ಕರಾಡದ ದವಾಖಾನೆಗೆ ಒಯ್ಯಲು ಒಂದು ಟ್ರಕ್ಕು ನಿಂತಿತು.

"ಕೋಣ ಆಹೇ ಹಾ?" ಯಾರಿವನು ಎಂದು ಟ್ರಕ್ಕಿನವನು ಕೇಳಿದ.

ಹೋಟೆಲಿನವನು ಕೈ ಆಡಿಸಿದ. ಯಾರಿಗೂ ಗೊತ್ತಿರಲಿಲ್ಲ. ಜೇಬು ಹುಡುಕಿದರು. ಒಂದು ಬಾಚಣಿಗೆ, ಎರಡು ಅಡಿಕೆ ಹೋಳು. ಹೆಸರಿಲ್ಲ, ಊರಿಲ್ಲ.

ರಸ್ತೆಯ ಮೇಲೆ ಬಿದ್ದ ಸಾಮಾನಿನಲ್ಲಿ ಒಂದು ಪುಟ್ಟ ಕೆಂಪು ಫ್ರಾಕಿತ್ತು. ಹೊಸದು, ಅಂಗಡಿಯ ಗುಂಡುಸೂಜಿ ಇನ್ನೂ ತೆಗೆದಿರಲಿಲ್ಲ. ಗೌರವ್ವ ಅದನ್ನು ಎತ್ತಿ ಧೂಳು ಕೊಡವಿದಳು. ನಾಲ್ಕು ವರ್ಷದ ಮಗುವಿನ ಅಳತೆ. ಅವಳ ಕಿರಿಯ ಮಗಳ ವಯಸ್ಸೂ ಅಷ್ಟೇ. ಎಲ್ಲೋ ಒಂದು ಊರಿನಲ್ಲಿ ಆ ಮಗು ಈಗ ಹೊಸ್ತಿಲ ಮೇಲೆ ಕೂತಿರಬೇಕು. ಅದರ ತಾಯಿ ಅಡಿಗೆ ಮಾಡುತ್ತ ಹೊರಗೆ ಹಣಿಕಿ ನೋಡುತ್ತಿರಬೇಕು. ಇವನು ಇಲ್ಲಿ ಬಿದ್ದಿದ್ದಾನೆ ಎಂದು ಅವಳಿಗೆ ಹೇಳುವುದಾದರೂ ಹೇಗೆ? ಯಾವ ಊರಿಗೆ ಹೋಗಿ, ಯಾವ ಬಾಗಿಲು ತಟ್ಟಿ?

ಗೌರವ್ವ ಫ್ರಾಕನ್ನು ಮಡಿಚಿ ಹೋಟೆಲಿನವನ ಕೈಗೆ ಕೊಟ್ಟಳು. ಇಷ್ಟು ದಿನ ಬೀಳುವುದಕ್ಕೆ ಹೆದರಿದ್ದಳು. ಬಿದ್ದ ಮೇಲೆ ಯಾರೂ ಅಲ್ಲದವರಾಗಿ ಬಿದ್ದಿರುವುದು ಅದಕ್ಕಿಂತ ದೊಡ್ಡ ಹೆದರಿಕೆ ಎಂದು ಅವಳಿಗೆ ಆಗ ತಿಳಿಯಿತು.

ಟ್ರಕ್ಕು ಹೋಯಿತು. ಗೌರವ್ವ ಹಸಿಬೆಯ ಕಿಸೆಯಿಂದ ಕಾಗದ, ಪೆನ್ಸಿಲ್ಲು ತೆಗೆದಳು. ಹೋಟೆಲಿನ ಬೆಂಚಿನ ಮೇಲೆ ಕೂತು, ನಾಲ್ಕನೆಯ ಇಯತ್ತೆಗೆ ಬಿಟ್ಟ ಕನ್ನಡವನ್ನು ನೆನೆಸಿಕೊಂಡು, ಒಂದೊಂದೇ ಅಕ್ಷರ ತಿದ್ದಿದಳು. ತನ್ನ ಹೆಸರು, ಗಂಡನ ಹೆಸರು, ಊರು, ಓಣಿ, ಅತ್ತೆಯ ಹೆಸರು. ಒತ್ತಿ ಬರೆದು ಎರಡು ಸಲ ಪೆನ್ಸಿಲ್ಲಿನ ಮೊನೆ ಮುರಿಯಿತು. ಕಾಗದ ಗಂಡನ ಕಡೆ ಚಾಚಿದಳು.

"ಕೆಳಗ ಮರಾಠಿಯಾಗ ಬರೀರಿ. ದುಂಡಗ ಬರೀರಿ. ಇನ್ನೊಂದ ಚೀಟಿನೂ ಮಾಡ್ರಿ."

"ಅಪಶಕುನ ಅಂತಿದ್ದಿ?"

"ಬರೀರಿ ಸುಮ್ಮನ," ಎಂದಳು. ಅವಳ ಕಣ್ಣು ತುಂಬಿತ್ತು.

ನಾಲ್ಕು ದಿನದ ಮೇಲೆ ಅದೇ ದಾರಿಯಲ್ಲಿ ತಿರುಗಿ ಬಂದರು. ತಂಗಿಯ ಮಗುವಿನ ತೊಟ್ಟಿಲು ತೂಗಿದ್ದಾಗಿತ್ತು, ಒಂದು ಸಲ ಟ್ಯೂಬು ಪಂಚರ್ ಆಗಿ ಮಿಸ್ತ್ರಿಯ ಪಂಪಿನಿಂದ ಗಾಳಿ ಹಾಕಿದ್ದೂ ಆಗಿತ್ತು. ಗೌರವ್ವ ಆ ಹೋಟೆಲಿನ ಮುಂದೆ ಗಾಡಿ ನಿಲ್ಲಿಸೆಂದಳು. ಕೆಂಪು ಫ್ರಾಕು ಒಳಗೆ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಹೋಗಿಬರುವವರು ಯಾರಾದರೂ ಗುರುತು ಹಿಡಿದಾರೆಂದು ಹೋಟೆಲಿನವನು ಕಾಣುವಂತೆ ತೂಗುಹಾಕಿದ್ದ.

ಬಸಗೊಂಡ ಮರಾಠಿಯಲ್ಲಿ ವಿಚಾರಿಸಿದ. ಆ ಮನುಷ್ಯ ಬದುಕಿದ್ದಾನೆ, ಆದರೆ ಇನ್ನೂ ಮಾತು ಬಂದಿಲ್ಲ. ಪೊಲೀಸರು ಗಾಡಿಯ ನಂಬರು ಬರೆದುಕೊಂಡು ಹೋಗಿದ್ದಾರೆ, ಆದರೆ ಅದು ಇನ್ಯಾರದೋ ಹೆಸರಿನಲ್ಲಿದೆ, ಅವನು ಅದನ್ನು ಎಂದೋ ಮಾರಿದ್ದನಂತೆ, ಈಗ ಯಾರ ಹತ್ತಿರ ಇದೆಯೋ ಅವನಿಗೂ ಗೊತ್ತಿಲ್ಲವಂತೆ.

"ಅವರ ಮನಿಯವರು ಬಂದ್ರೇನ್ರಿ?" ಗೌರವ್ವ ತಡೆಯಲಾರದೆ ಕನ್ನಡದಲ್ಲೇ ಕೇಳಿದಳು. ಹೋಟೆಲಿನವನಿಗೆ ಭಾಷೆ ತಿಳಿಯದಿದ್ದರೂ ಪ್ರಶ್ನೆ ತಿಳಿಯಿತು.

"ಅಜೂನ ನಾಹೀ, ಬಾಯೀ." ಇನ್ನೂ ಇಲ್ಲ ಎಂದು ತಲೆ ಆಡಿಸಿದ.

ಸಂಜೆ ಗಡಹಿಂಗ್ಲಜ ಮುಟ್ಟಿದಾಗ ಮಕ್ಕಳು ಓಣಿಯ ತುದಿಯ ತನಕ ಓಡಿಬಂದರು. ಗೌರವ್ವ ಕಿರಿಯವಳನ್ನು ಎತ್ತಿಕೊಂಡವಳು ಬಹಳ ಹೊತ್ತು ಕೆಳಗಿಳಿಸಲಿಲ್ಲ. ಚೀಟಿ ಅವಳ ಕುಪ್ಪಸದ ಒಳಗೆ ಬೆವರಿಗೆ ಮೆತ್ತಗಾಗಿತ್ತು. ಬಿಸಾಡಲಿಲ್ಲ, ಹೊಸ ಕಾಗದಕ್ಕೆ ಇಳಿಸಿದಳು. ಅಂದಿನಿಂದ ಬಸಗೊಂಡ ಸಂಕೇಶ್ವರದ ಪೇಟೆಗೆ ಹೊರಟರೂ ಅವಳು ಬಾಗಿಲಲ್ಲಿ ಅಡ್ಡ ನಿಂತು ಅವನ ಜೇಬು ಮುಟ್ಟಿ ನೋಡಿಯೇ ಬಿಡುತ್ತಾಳೆ.

ಅಣ್ಣಗಳಿರಾ, ಅಕ್ಕಗಳಿರಾ, ಫಟಫಟಿಯ ಮೇಲೆ ಮೊದಲ ಸಲ ದೂರ ಹೊರಟಿದ್ದೀರಾ? ಹೆದರಿಕೆಗೊಂದು ಗಂಟು ಕಟ್ಟಬೇಡಿ. ಭಾರವನ್ನು ಕೆಳಗೆ, ಹತ್ತಿರ, ಸಮನಾಗಿ ಹೇರಿ. ಹತ್ಯಾರು, ಪಂಪು, ನೀರು, ಶುಭ್ರವಾದ ಪಟ್ಟಿ ಬಿಟ್ಟು ಹೋಗಬೇಡಿ. ತಲೆಯ ಮೇಲೆ ಗಟ್ಟಿ ಟೋಪಿ ಇರಲಿ. ಇಷ್ಟೆಲ್ಲ ಆದ ಮೇಲೆ, ಕಿಕ್ ಹೊಡೆಯುವ ಮೊದಲು ಜೇಬಿಗೆ ಕೈ ಹಾಕಿ ನೋಡಿ. ನಿಮ್ಮ ಹೆಸರು, ನಿಮ್ಮ ಊರು ಅಲ್ಲಿದೆಯೇ? ಇಲ್ಲದಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ, ಒಳಗೆ ಹೋಗಿ ಬರೆದುಕೊಂಡು ಬನ್ನಿ. ನಿಮ್ಮ ಮಗುವಿಗೆ ತಂದ ಬಟ್ಟೆ ಯಾರದೋ ಹೋಟೆಲಿನ ಮೊಳೆಗೆ ನೇತಾಡಬಾರದು.