ಎರಡು ಸಲ ತುಳಿಯುವ ಕಾಲು

ಕುರ್ಚಿಯಲ್ಲಿ ಕೂತಿರಲಿ, ಕ್ಷೌರದಂಗಡಿಯಲ್ಲಿ ಸರದಿ ಕಾಯುತ್ತಿರಲಿ, ಬ್ರೆಡ್ಡಣ್ಣನ ಬಲಗಾಲು ಸುಮ್ಮನಿರುವುದಿಲ್ಲ. ಎದುರಿಗೆ ಯಾರಾದರೂ ಹಾದುಹೋದರೆ ಸಾಕು, ನೆಲವನ್ನು ಎರಡು ಸಲ ತುಳಿಯುತ್ತದೆ, ಮೊದಲು ಮೆಲ್ಲಗೆ, ಆಮೇಲೆ ಬಿಗಿಯಾಗಿ. ಹೊಲಿಗೆ ಯಂತ್ರ ಹೊರಟಿತು ನೋಡಿ ಎಂದು ಬೀದಿಯವರೆಲ್ಲ ಹಿಂದೆ ತಮಾಷೆ ಮಾಡುತ್ತಿದ್ದೆವು. ಈಗ ಯಾರೂ ಮಾಡುವುದಿಲ್ಲ.

ಅಂಗಡಿಗಳಿಗೆ ಬ್ರೆಡ್ಡು ಹಂಚುವ ಅವನ ಮುದಿ ವ್ಯಾನಿನಲ್ಲಿ ಬ್ರೇಕ್ ಪೆಡಲು ಮೊದಲ ತುಳಿತಕ್ಕೆ ತಳ ಮುಟ್ಟಿ, ಎರಡನೆಯದಕ್ಕೆ ಗಟ್ಟಿಯಾಗುತ್ತಿತ್ತು. ಮೆಕ್ಯಾನಿಕ್ ಅಡಿಯಲ್ಲಿ ನುಸುಳಿ ಪೈಪುಗಳನ್ನೆಲ್ಲ ತಡವಿ, ಎಲ್ಲೂ ಸೋರಿಕೆ ಕಾಣದೆ, ಪೆಡಲನ್ನು ಒತ್ತಿ ಹಿಡಿದರೆ ಅದು ತಾನಾಗಿ ಕುಸಿಯುವುದನ್ನು ತೋರಿಸಿದ. "ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಹೋಗಿದೆ ಅಣ್ಣ. ಗಾಡಿ ಒಂದಿನ ಬಿಟ್ಟು ಹೋಗಿ."

"ಬಿಡಪ್ಪ, ಅದರ ಮರ್ಜಿ ನನ್ನ ಕಾಲಿಗೆ ಗೊತ್ತು," ಎಂದು ಇವನು ನಕ್ಕುಬಿಟ್ಟ. ಬ್ರೆಡ್ಡಿಗೆ ರಜೆಯಿಲ್ಲ ಎಂಬುದು ಬರೀ ನೆಪ; ಆ ವ್ಯಾನನ್ನು ತಾನಲ್ಲದೆ ಇನ್ನೊಬ್ಬ ಪಳಗಿಸಲಾರನೆಂಬ ಅಭಿಮಾನ ಅವನ ಎದೆಯುಬ್ಬಿಸಿದ ನಡಿಗೆಯಲ್ಲೇ ಕಾಣುತ್ತಿತ್ತು.

ಜ್ವರ ಬಂದು ಮಲಗಿದ ದಿನ ಕೀಲಿ ತಮ್ಮನ ಕೈಗೆ ಹೋಯಿತು. ಹಿಂಬಾಗಿಲನ್ನು ಜೋರಾಗಿ ಎಳೆ, ಎರಡನೇ ಗೇರು ಸತಾಯಿಸುತ್ತೆ ಎಂದೆಲ್ಲ ಹೇಳಿಕೊಟ್ಟವನಿಗೆ ಬ್ರೇಕಿನ ಮಾತು ನಾಲಗೆಗೆ ಬರಲೇ ಇಲ್ಲ. ಅದು ಎಂದೋ ತಲೆಯಿಂದಿಳಿದು ಕಾಲನ್ನು ಸೇರಿಬಿಟ್ಟಿತ್ತು. ಇಳಿಜಾರಿನ ತಿರುವಿನಲ್ಲಿ ಗುದ್ದಿದ್ದ ಗೋಡೆಯಿಂದ ವ್ಯಾನನ್ನು ಹಿಂದಕ್ಕೆಳೆದಾಗ, ಉಸಿರು ನಿಂತಿದ್ದ ತಮ್ಮನ ಪಾದ ತಳ ಮುಟ್ಟಿದ ಪೆಡಲನ್ನು ಒತ್ತಿಕೊಂಡೇ ಇತ್ತು. ಒಂದೇ ಸಲ ತುಳಿದಿದ್ದ, ಪಾಪ, ಎಲ್ಲರೂ ತುಳಿಯುವಂತೆ.

ಬ್ರೆಡ್ಡಣ್ಣ ವ್ಯಾನನ್ನು ಮಾರಲಿಲ್ಲ. ಜಜ್ಜಿದ ಮೂತಿಯನ್ನು ನೆಟ್ಟಗೆ ಮಾಡಿಸಿ, ಹೊಸ ಸಿಲಿಂಡರು ಹಾಕಿಸಿ, ಮೆಕ್ಯಾನಿಕ್ ಕೆಳಗಿನಿಂದ "ತುಳೀರಿ... ಹಿಡ್ಕೊಳ್ಳಿ... ಬಿಡಿ" ಅಂದಂತೆಲ್ಲ ತುಳಿದು, ಬ್ರೇಕ್ ಆಯಿಲಿನಲ್ಲಿ ಸೇರಿದ್ದ ಗಾಳಿಯನ್ನು ಪೂರ್ತಿ ತೆಗೆಸಿದ. ಈಗ ಬ್ರೇಕು ಒಂದೇ ತುಳಿತಕ್ಕೆ ಹಿಡಿಯುತ್ತದೆ. ಕಾಲು ಮಾತ್ರ ಹಳೆಯ ಚಾಳಿಯನ್ನು ಬಿಟ್ಟಿಲ್ಲ.

ಮೊನ್ನೆ ಅವರ ಮನೆಯಲ್ಲಿ ಕೂತಿದ್ದೆ. ತಮ್ಮನ ಹೆಂಡತಿ ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ನೆಲದ ಮೇಲೆ ಟಪ್ ಎಂದಿತು, ಮತ್ತೆ ಟಪ್.

"ಭಾವ, ಕಾಲು," ಅಂದಳು, ತಲೆಯೆತ್ತದೆ.

ಅವನು ಎರಡೂ ಕೈಗಳಿಂದ ಮೊಣಕಾಲನ್ನು ಅದುಮಿ ಹಿಡಿದು ಕೂತ. ನನಗೆ ಅಲ್ಲಿ ಇರಲಾಗಲಿಲ್ಲ. ಏನೋ ನೆವ ಹೇಳಿ ಎದ್ದು ಬಂದೆ.

ಕೆಟ್ಟಿದ್ದನ್ನು ಸರಿಪಡಿಸದೆ ಅದಕ್ಕೆ ಹೊಂದಿಕೊಂಡು, ಆ ಹೊಂದಾಣಿಕೆಯನ್ನೇ ಜಾಣ್ಮೆಯೆಂದು ಬಗೆಯುವವರು ಎಲ್ಲ ಮನೆಗಳಲ್ಲೂ ಇದ್ದಾರೆ. ದುಷ್ಟರಲ್ಲ, ಸೋಮಾರಿಗಳೂ ಅಲ್ಲ. ಅಪಾಯದ ಜೊತೆ ಸಲಿಗೆ ಬೆಳೆಸಿಕೊಂಡವರು. ಅವರಿಗೆ ಏನೂ ಆಗುವುದಿಲ್ಲ. ಆಗುವುದೆಲ್ಲ, ಅವರನ್ನು ನಂಬಿ ಅವರ ಜಾಗದಲ್ಲಿ ಒಂದು ದಿನ ಕೂರುವವರಿಗೆ.